ತಪ್ಪು ಬರೆದವರೇ ತಿದ್ದಲಿ

ಕಂತೆಲ್ಲ ಕಟ್ಟಿ ಮುಗಿಸಿದ ಬೈಕ್ ಸಾಲವು, ಸಾಲಗಾರರ ದಾಖಲೆ ಇಡುವ ಸಿಬಿಲ್ ಕಂಪನಿಯ ವರದಿಯಲ್ಲಿ ಇನ್ನೂ ‘ಬಾಕಿ’ ಎಂದೇ ಇದ್ದರೆ ಅದು ಸಾಲ ಕೊಟ್ಟವರ ತಪ್ಪು. ಅದಕ್ಕಾಗಿ ದಾಬಸ್‌ಪೇಟೆಯ ಕಾರ್ಮಿಕ ಸೋಂಪುರ ಕೈಗಾರಿಕಾ ಪ್ರದೇಶದ ಪಾಳಿ ಬಿಟ್ಟು ಅಲೆಯಬೇಕಾಗಿರುವುದು ಅನ್ಯಾಯ. ಶಾಖೆಯಲ್ಲಿ ಕೇಳಿದರೆ ‘ಸಿಬಿಲ್‌ನವರನ್ನು ಕೇಳಿ’ ಎನ್ನುತ್ತಾರೆ. ಸಾಲ ಕೊಟ್ಟ ಸಂಸ್ಥೆ ದೃಢಪಡಿಸದೆ ಸಿಬಿಲ್‌ನವರು ಒಂದಕ್ಷರವನ್ನೂ ತಿದ್ದುವಂತಿಲ್ಲ. ಇದು ಶಾಖೆಯವರಿಗೂ ಗೊತ್ತಿರುವ ಸಂಗತಿ.

ಕಾನೂನಿನಲ್ಲಿ ಗೊಂದಲವಿಲ್ಲ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ದೂರು ಬಂದ 30 ದಿನಗಳೊಳಗೆ ತಿದ್ದುಪಡಿ ಆಗಬೇಕು. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ದಂಡವನ್ನೂ ಸೇರಿಸಿತು: ಗಡುವು ಮೀರಿದ ಪ್ರತಿ ದಿನಕ್ಕೆ ದೂರುದಾರರಿಗೆ 100 ರೂಪಾಯಿ ಪರಿಹಾರ. ಸರಿಯಾದ ಮಾಹಿತಿಯನ್ನು 21 ದಿನಗಳಲ್ಲಿ ಕಳಿಸದಿದ್ದರೆ ಆ ಹಣ ಕೊಡಬೇಕಾದದ್ದು ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆ. ಸಮಯಕ್ಕೆ ಕಳಿಸಿದ ಮೇಲೂ ತಿದ್ದದಿದ್ದರೆ ಸಿಬಿಲ್‌ನಂಥ ಸಾಲ ಮಾಹಿತಿ ಕಂಪನಿ ಕೊಡಬೇಕು. 2024ರ ಏಪ್ರಿಲ್‌ನಿಂದಲೇ ಈ ನಿಯಮ ಜಾರಿಯಲ್ಲಿದೆ.

ಆದರೆ ನೂರು ರೂಪಾಯಿ ಏನೇನೂ ಸಾಲದು. ಈ ದೂರಿಗಾಗಿ ಒಂದು ದಿನ ರಜೆ ಹಾಕಿ ನೆಲಮಂಗಲಕ್ಕೆ ಹೋಗಿ ಬರುವವರು ಕಳೆದುಕೊಳ್ಳುವ ಕೂಲಿ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟರಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಬೇಕಿದ್ದ ಸಾಲ ತಿರಸ್ಕೃತವಾಗಿರುತ್ತದೆ, ಮನೆಯವರು ಮೀಟರ್ ಬಡ್ಡಿಯವರ ಮುಂದೆ ನಿಂತಿರುತ್ತಾರೆ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ತೀರಿಸಿದವರನ್ನು ತಪ್ಪು ದಾಖಲೆಯೊಂದು ಮತ್ತೆ ಅಂಥ ಸಾಲದ ಬಾಗಿಲಿಗೇ ತಳ್ಳುವುದಾದರೆ ಆ ಕಾನೂನು ಯಾರನ್ನು ಕಾಪಾಡಿತು?

ಸದ್ಯಕ್ಕೆ ಗ್ರಾಹಕರು ತಾವೇ ಎಚ್ಚರ ವಹಿಸಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಅದನ್ನು ತರಿಸಿಕೊಳ್ಳಿ, ನಾಲ್ಕನ್ನೂ ನೋಡಿ. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ಸಾಲ ತೀರಿದ ಪತ್ರವನ್ನು ಜೋಪಾನವಾಗಿಡಿ. ದೂರನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನ ಕಳೆದರೂ ಉತ್ತರವಿಲ್ಲವೆಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ. ಅಲ್ಲಿ ಶುಲ್ಕವಿಲ್ಲ, ವಿಚಾರಿಸಲು 14448ಕ್ಕೆ ಕರೆ ಮಾಡಬಹುದು.

ಇಷ್ಟೆಲ್ಲ ಹೊರೆ ಗ್ರಾಹಕರ ಮೇಲೇ ಇರುವುದನ್ನು ನಾವು ಒಪ್ಪುವುದಿಲ್ಲ. ಪ್ರತಿ ಶಾಖೆಯೂ ಈ ದೂರುಗಳನ್ನು ಕನ್ನಡದಲ್ಲಿ ಸ್ವೀಕರಿಸಿ, ಮೊಹರು ಹಾಕಿದ ರಸೀದಿ ಕೊಡಲಿ. ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಗಡುವು ಮೀರಿದ ದೂರುಗಳ ಪಟ್ಟಿಯನ್ನು ಶಾಖೆಯ ಹೆಸರಿನ ಸಮೇತ ಮಂಡಿಸಲಿ. ರಿಸರ್ವ್ ಬ್ಯಾಂಕ್ ಪರಿಹಾರದ ಮೊತ್ತವನ್ನು ದಿನದ ಕನಿಷ್ಠ ಕೂಲಿಗಿಂತ ಕಡಿಮೆಯಾಗದಂತೆ ಏರಿಸಲಿ.