ಬಸುರಿಯ ನಿದ್ದೆಯೂ ಕಾರ್ಮಿಕರ ಹಕ್ಕೇ

ನಮ್ಮ ಅತ್ತಿಗೆಗೆ ಎಂಟನೇ ತಿಂಗಳಿಗೇ ಹೆರಿಗೆ ಆಯ್ತು. ಕೂಸನ್ನು ಮಳವಳ್ಳಿಯಿಂದ ಮಂಡ್ಯಕ್ಕೆ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ವಿ. ಕೂಸು ಉಳಿಯಿತು. ಆದರೆ ನೋಡಲು ಬಂದವರೆಲ್ಲ ತನಿಖೆ ಶುರು ಮಾಡಿದರು. ಪರಂಗಿ ಹಣ್ಣು ತಿಂದಿದ್ಲಾ? ಗ್ರಹಣದ ದಿನ ಹೊರಗೆ ಬಂದಿದ್ಲಾ? ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡ್ತಿದ್ಲು ಅಂತ ಒಬ್ಬರೂ ಕೇಳಲಿಲ್ಲ.

ನಾನು ಹೇಳ್ತೀನಿ. ನಾಲ್ಕೂವರೆಗೆ ಎದ್ದು ಅಡುಗೆ. ಆರೂವರೆಗೆ ಮದ್ದೂರಿನ ಕಡೆಗೆ ಗಾರ್ಮೆಂಟ್ಸ್ ವ್ಯಾನು. ದಿನವಿಡೀ ಹೊಲಿಗೆ ಮೆಷಿನ್. ಮನೆಗೆ ಬಂದು ಮುಸುರೆ ತೊಳೆದು ಮಲಗುವಾಗ ಹನ್ನೊಂದೂವರೆ. ಪದೇ ಪದೇ ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರ್ ಬೈತಾನೆ ಅಂತ ನೀರನ್ನೇ ಕುಡೀತಿರಲಿಲ್ಲ. ಅವರ ಹೆರಿಗೆ ಬೇಗ ಆಗಿದ್ದು ಇದರಿಂದಲೇ ಅಂತ ಹೇಳೋಕಾಗಲ್ಲ. ಎಷ್ಟೋ ಅವಧಿಪೂರ್ವ ಹೆರಿಗೆಗಳ ಕಾರಣ ವೈದ್ಯರಿಗೂ ಸಿಗುವುದಿಲ್ಲ. ಆದರೆ ಈ ದಿನಚರಿಗೂ ಅವಧಿಪೂರ್ವ ಹೆರಿಗೆಗೂ ಇರಬಹುದಾದ ನಂಟನ್ನು ವಿಜ್ಞಾನ ಹುಡುಕುತ್ತಿದೆ. ನಮ್ಮ ರಾಜಕೀಯ ಹುಡುಕುತ್ತಿಲ್ಲ.

37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಜನನ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಅಂದಾಜು 1.34 ಕೋಟಿ. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಉರಿಯೂತ. ಮೂತ್ರನಾಳದಲ್ಲೋ ಗರ್ಭಕೋಶದ ಆಸುಪಾಸಿನಲ್ಲೋ ಸೋಂಕಾದರೆ ದೇಹ ಅದರ ವಿರುದ್ಧ ಹೋರಾಟಕ್ಕಿಳಿಯುತ್ತದೆ. ಆ ಹೋರಾಟದಲ್ಲಿ ಹುಟ್ಟುವ ರಾಸಾಯನಿಕಗಳೇ ಗರ್ಭಕೋಶಕ್ಕೆ ನೋವು ಬರಿಸಿ, ದಿನ ತುಂಬುವ ಮೊದಲೇ ಹೆರಿಗೆ ಶುರು ಮಾಡಿಬಿಡಬಹುದು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂರುವುದು ಸೋಂಕಿಗೆ ದಾರಿ ಅನ್ನುವುದನ್ನು ಯಾವ ನರ್ಸಮ್ಮನಾದರೂ ಹೇಳುತ್ತಾರೆ.

ಇಲ್ಲಿ ಬರುವುದು ಮೆಲಟೋನಿನ್. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸುರಿಸುವ ಹಾರ್ಮೋನ್ ಇದು. ಬಸುರಿಯರಲ್ಲಿ ಮಾಸು ಕೂಡ ಇದನ್ನು ತಯಾರಿಸುತ್ತದೆ. ತಾಯಿಯ ಮೆಲಟೋನಿನ್ ಮಾಸನ್ನು ದಾಟಿ ಮಗುವಿಗೂ ತಲುಪುತ್ತದೆ. ಇದು ಉರಿಯೂತವನ್ನು ತಣಿಸುತ್ತದೆ. ಬ್ಯಾಕ್ಟೀರಿಯಾದ ವಿಷಾಂಶ ಕೊಟ್ಟು ಅಕಾಲಿಕ ಹೆರಿಗೆ ಬರಿಸಿದ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಮೆಲಟೋನಿನ್ ಪಡೆದವುಗಳಲ್ಲಿ ಅಂಥ ಹೆರಿಗೆ ಕಡಿಮೆಯಾಯಿತು, ಮರಿಗಳೂ ಹೆಚ್ಚು ಉಳಿದವು.

ಹಾಗಂತ ಆನ್‌ಲೈನಲ್ಲಿ ಮೆಲಟೋನಿನ್ ಗಮ್ಮಿ ಆರ್ಡರ್ ಮಾಡ್ಬೇಡಿ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಸಾಬೀತಾಗಿಲ್ಲ. ಮೇಲಾಗಿ ದಿನ ತುಂಬಿದ ಹೊತ್ತಿಗೆ ಇದೇ ಹಾರ್ಮೋನ್ ಆಕ್ಸಿಟೋಸಿನ್ ಜೊತೆ ಸೇರಿ ಗರ್ಭಕೋಶದ ಹಿಂಡುವಿಕೆಯನ್ನು ಹೆಚ್ಚಿಸುತ್ತದೆ. ಬಸುರಿಯರು ವೈದ್ಯರನ್ನು ಕೇಳದೆ ನುಂಗುವ ಮಾತ್ರೆ ಇದಲ್ಲ.

ಆದರೆ ಮಾತ್ರೆ ಬೇರೆ, ಕತ್ತಲು ಬೇರೆ. ರಾತ್ರಿ ಕಣ್ಣಿಗೆ ಜೋರು ಬೆಳಕು ಬಿದ್ದರೆ ದೇಹದ ಸ್ವಂತ ಮೆಲಟೋನಿನ್ ಕುಸಿಯುತ್ತದೆ. ಡೆನ್ಮಾರ್ಕಿನ ಸರ್ಕಾರಿ ನೌಕರರ ಬಗ್ಗೆ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, ಒಂದು ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದ ಬಸುರಿಯರಿಗೆ, ಎಂಟು ವಾರ ಕಳೆದ ಮೇಲೆ, ಮರುವಾರ ಗರ್ಭಪಾತದ ಅಪಾಯ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಮೆಲಟೋನಿನ್ ಇಳಿಯುವುದೂ ಇದಕ್ಕೆ ಕಾರಣ ಇರಬಹುದು ಅಂದರು ಸಂಶೋಧಕರು.

ಅತ್ತಿಗೆಯದು ಹಗಲು ಪಾಳಿ. ಅದರಲ್ಲೇ ಈ ಪಾಡು. ಈಗ ರಾತ್ರಿಯ ಬಾಗಿಲೂ ತೆರೆದಿದೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರನ್ನು ರಾತ್ರಿ 7ರಿಂದ ಬೆಳಗ್ಗೆ 6ರವರೆಗೆ ದುಡಿಸಬಾರದು ಅಂದಿತ್ತು. 2023ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ರಾತ್ರಿ ಪಾಳಿಗೆ ದಾರಿ ಮಾಡಿತು. ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯೂ ಮಹಿಳೆಯ ಒಪ್ಪಿಗೆ ಇದ್ದರೆ, ಸುರಕ್ಷತೆಯಂಥ ಷರತ್ತುಗಳೊಂದಿಗೆ, ರಾತ್ರಿ ದುಡಿಸಬಹುದು ಅನ್ನುತ್ತದೆ. ದುಡಿಯುವ ಅವಕಾಶವನ್ನು ನಾನು ವಿರೋಧಿಸಲ್ಲ; ಹೆಣ್ಣುಮಕ್ಕಳನ್ನು ರಾತ್ರಿ ಮನೆಯಲ್ಲಿ ಕೂಡಿಹಾಕಿ ಅನ್ನೋ ವಾದವೂ ನನ್ನದಲ್ಲ. ಆದರೆ ಸಾಲದ ಕಂತು ತಲೆಮೇಲಿರುವಾಗ ಸೂಪರ್‌ವೈಸರ್ ಮುಂದೆ ಕೊಡುವ ಒಪ್ಪಿಗೆ ಎಂಥ ಒಪ್ಪಿಗೆ?

ಹೆರಿಗೆ ಸೌಲಭ್ಯದ ಕಾನೂನು, ಹೆರಿಗೆ ಹತ್ತಿರವಾದಾಗ ಆಕೆ ಕೇಳಿಕೊಂಡರೆ ಕೆಲವು ವಾರ ಶ್ರಮದ ಕೆಲಸ ಕೊಡಬಾರದು ಅನ್ನುತ್ತದೆ. ರಾತ್ರಿ ಪಾಳಿಯ ಹೆಸರು ಅಲ್ಲಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ರಾತ್ರಿ ಕೆಲಸದ ಒಡಂಬಡಿಕೆ, ಹೆರಿಗೆಯ ಹಿಂದುಮುಂದೆ ಕನಿಷ್ಠ 16 ವಾರ ರಾತ್ರಿ ಪಾಳಿಗೆ ಬದಲಿ ವ್ಯವಸ್ಥೆ ಇರಬೇಕು ಅನ್ನುತ್ತದೆ. ಭಾರತ ಅದನ್ನು ಅಂಗೀಕರಿಸಿಲ್ಲ.

2023ರಲ್ಲಿ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ಮಂಡ್ಯ ಜಿಲ್ಲೆ ಬಸುರಿಯರ ಬಗ್ಗೆ ಮಾತಾಡಿತು. ಆಮೇಲೆ ಮತ್ತೆ ಕಾವೇರಿ, ಕಬ್ಬು. ಅವೂ ಬೇಕು. ಜೊತೆಗೆ ಇಷ್ಟನ್ನೂ ಕೇಳೋಣ: ತಾಯಿ ಕಾರ್ಡ್ ಆದ ದಿನದಿಂದಲೇ, ಆಕೆ ಅರ್ಜಿ ಹಾಕದೆಯೂ, ಸಂಬಳ ಕಡಿತ ಇಲ್ಲದೆ ರಾತ್ರಿ ಪಾಳಿಯಿಂದ ಬಿಡುಗಡೆ. ಬೇಕಾದಾಗ ಟಾಯ್ಲೆಟ್ಟಿಗೆ ಹೋಗುವ, ನೀರು ಕುಡಿಯುವ ಬಿಡುವು. ಮತ್ತೆ ಮನೆಯ ಗಂಡಸರಿಗೆ ಒಂದು ಮಾತು, ನನ್ನನ್ನೂ ಸೇರಿಸಿ: ಹನ್ನೊಂದೂವರೆವರೆಗೆ ಆ ಪಾತ್ರೆ ತೊಳೆಯಬೇಕಾಗಿದ್ದು ಅತ್ತಿಗೆ ಅಲ್ಲ.