ಪೊರಕೆಯಿಂದ ಪ್ರೆಸ್ಸಿಗೆ ಹತ್ತು ಹೆಜ್ಜೆ



ಮಂಗಳೂರಿನ ಧಕ್ಕೆಯಲ್ಲಿ ಟ್ರಾಲ್ ಬೋಟಿನ ಇಂಜಿನ್ ಬಿಚ್ಚಿ ಕೂತವರನ್ನು ನೀವು ನೋಡಿದ್ದೀರಿ. ಗ್ಯಾರೇಜಿನಲ್ಲಿ ಬಸ್ಸಿನ ಅಡಿಗೆ ಮಲಗಿದ ಹುಡುಗರನ್ನೂ ನೋಡಿದ್ದೀರಿ. ಅವರು ಒಂದು ಡಬ್ಬಿ ತಿರುಗಿಸಿ ಬಿಚ್ಚುತ್ತಾರೆ, ಕಪ್ಪು ಎಣ್ಣೆ ಮೊಣಕೈವರೆಗೆ ಇಳಿಯುತ್ತದೆ. ಅದು ಆಯಿಲ್ ಫಿಲ್ಟರ್. ನಾವು ಅದನ್ನು ದಾಟಿಕೊಂಡು ಕಾಲೇಜಿಗೆ ಹೋಗ್ತೇವೆ. ಬಿ.ಎ. ಓದ್ತೇವೆ, ಪದ್ಯ ಬರೀತೇವೆ, ಕ್ರಾಂತಿ ಅಂತೇವೆ. ಆ ಡಬ್ಬಿಯೊಳಗೆ ಏನುಂಟು, ಅದನ್ನು ಯಾರು ಹೇಗೆ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ನಮ್ಮ ಬಾಯಿ ಕಟ್ಟುತ್ತದೆ. ನಾಚಿಕೆಪಡಬೇಕಾದವರು ಆ ಕಪ್ಪು ಕೈಯವರಲ್ಲ, ನಾವು.

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಐಟಿಐಯಲ್ಲಿ ಫಿಟ್ಟರ್ ಪಾಸಾಗಿ, ಘಟ್ಟದ ಮೇಲಿನ ಒಂದು ಫಿಲ್ಟರ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ. ಮೊದಲ ದಿನ ಊರು ಕೇಳಿದರು, ಆಮೇಲೆ ಕೇರಿ ಕೇಳಿದರು. ಮರುದಿನ ಕೈಗೆ ಪೊರಕೆ ಕೊಟ್ಟರು. "ನಿಮಗೆಲ್ಲ ಅಭ್ಯಾಸ ಇದೆಯಲ್ಲ" ಅಂದರಂತೆ ಮೇಸ್ತ್ರಿ. ಆರು ತಿಂಗಳು ಅವನನ್ನು ಪ್ರೆಸ್ಸಿನ ಹತ್ತಿರ ಬಿಡಲಿಲ್ಲ. ಜೊತೆಗೆ ಸೇರಿದ ಬೇರೆ ಹುಡುಗರು ಡೈ ಕೂರಿಸೋದು ಕಲಿತರು. ಇವನು ತಗಡಿನ ಚೂರು ಗುಡಿಸಿದ.

ಆದರೆ ಪೊರಕೆ ಹಿಡಿದವನಿಗೆ ಕಣ್ಣಿಲ್ಲವೇ? ರಜೆಗೆ ಬಂದಾಗ ಒಂದು ರಾತ್ರಿ ಹಾಸ್ಟೆಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಾರ್ಖಾನೆ ಬರೆದು ತೋರಿಸಿದ. ಅವನು ಹೇಳಿದ್ದನ್ನೇ ಇಲ್ಲಿ ಬರೀತೇವೆ.

ಮೊದಲು ತೆಳು ಉಕ್ಕಿನ ತಗಡು. ಅದನ್ನು ಗುಂಡಗೆ ಕತ್ತರಿಸಿ, ಪ್ರೆಸ್ಸಿನಲ್ಲಿ ಅಚ್ಚಿನೊಳಗೆ ಎಳೆದು ಎಳೆದು ಡಬ್ಬಿ ಮಾಡ್ತಾರೆ. ಎಲ್ಲೂ ಹೊಲಿಗೆ ಇಲ್ಲ. ಇನ್ನೊಂದು ಕಡೆ ರಾಳದಲ್ಲಿ ಅದ್ದಿದ ಕಾಗದದ ಸುರುಳಿ ಬರುತ್ತೆ. ಯಂತ್ರ ಅದನ್ನು ಸೀರೆಯ ನಿರಿಗೆ ಹಾಗೆ ಮಡಚುತ್ತೆ. ನಿರಿಗೆ ಹಾಕಿದರೆ ಸಣ್ಣ ಡಬ್ಬಿಯಲ್ಲಿ ತುಂಬಾ ಕಾಗದ ಹಿಡಿಯುತ್ತೆ. ಅದನ್ನು ಓವನ್ನಿನಲ್ಲಿ ಬೇಯಿಸಿದರೆ ರಾಳ ಗಟ್ಟಿಯಾಗಿ, ಬಿಸಿ ಎಣ್ಣೆಗೂ ಕಾಗದ ಕರಗೋದಿಲ್ಲ. ತೂತು ತಗಡಿನ ಕೊಳವೆಗೆ ಆ ಕಾಗದ ಸುತ್ತಿ, ಎರಡು ತುದಿಗೂ ಬಿಲ್ಲೆ ಅಂಟಿಸ್ತಾರೆ. ಇಂಜಿನ್ ನಿಂತಾಗ ಎಣ್ಣೆ ವಾಪಸು ಇಳಿಯದ ಹಾಗೆ ಒಂದು ರಬ್ಬರ್ ವಾಲ್ವು. ಕೆಳಗೆ ಒಂದು ಸ್ಪ್ರಿಂಗು. ಮೇಲೆ ನಡುವೆ ಮರೆ ಕೊರೆದ, ಸುತ್ತ ತೂತುಗಳಿರುವ ದಪ್ಪ ಬಿಲ್ಲೆ. ಕೊನೆಗೆ ಅಂಚು ಮಡಚಿ ಬಾಯಿ ಮುಚ್ಚಿ, ಗಾಳಿ ತುಂಬಿ ನೀರಲ್ಲಿ ಮುಳುಗಿಸ್ತಾರೆ, ಸೈಕಲ್ ಟ್ಯೂಬ್ ಪಂಚರ್ ನೋಡೋ ಹಾಗೆ. ಗುಳ್ಳೆ ಬಂದರೆ ಆ ಡಬ್ಬಿ ಪಕ್ಕಕ್ಕೆ.

ಎಣ್ಣೆ ಸುತ್ತಲಿನ ತೂತಿನಿಂದ ಒಳಗೆ ಬಂದು, ಕಾಗದದಲ್ಲಿ ಸೋಸಿ, ನಡುವಿನ ತೂತಿನಿಂದ ಹೊರಗೆ ಹೋಗುತ್ತೆ. ನಮ್ಮ ತಲೆಗೂದಲಿಗಿಂತ ಸಣ್ಣ ಲೋಹದ ಕಣಗಳೂ ಅಲ್ಲೇ ಉಳೀತವೆ. ಕೊಳೆ ತುಂಬಿ ಕಾಗದ ಕಟ್ಟಿದರೆ? ಅದಕ್ಕೂ ಒಂದು ಬೈಪಾಸ್ ವಾಲ್ವು ಉಂಟು. ಎಣ್ಣೆಯೇ ಇಲ್ಲದೆ ಇಂಜಿನ್ ಸಾಯೋದಕ್ಕಿಂತ ಕೊಳೆ ಎಣ್ಣೆ ವಾಸಿ ಅಂತ ಅದು ತಾನಾಗಿ ಬಾಗಿಲು ತೆರೆಯುತ್ತೆ.

ಇಂಜಿನ್ನಿನ ಜೀವಕ್ಕೆ ಇಷ್ಟು ಯೋಚನೆ ಮಾಡಿದ ಬುದ್ಧಿಗೆ ಪ್ರೆಸ್ಸಿನ ಕೆಳಗಿನ ಕೈ ಯಾಕೆ ಕಾಣೋದಿಲ್ಲ? ಯಂತ್ರಕ್ಕೆ ಬೇಲಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೂ ಹರಿಯಾಣದ ಮಾನೇಸರಿನಲ್ಲಿ ವಾಹನ ಬಿಡಿಭಾಗ ಮಾಡೋ ಎಷ್ಟೋ ಮಂದಿ ಪ್ರೆಸ್ಸಿಗೆ ಬೆರಳು ಕೊಟ್ಟಿದ್ದಾರೆ. ಏಕಲವ್ಯನಿಗೆ ವಿದ್ಯೆ ಬಂದ ಮೇಲೆ ಹೆಬ್ಬೆರಳು ಹೋಯಿತು. ಇಲ್ಲಿ ಸರಿಯಾಗಿ ಕಲಿಸೋ ಮೊದಲೇ ಹೋಗುತ್ತೆ. ಗ್ಯಾರೇಜಿನ ಹುಡುಗನ ಕಥೆಯೂ ಅಷ್ಟೇ. ಓಡಿದ ಇಂಜಿನ್ ಎಣ್ಣೆ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಕ್ಯಾನ್ಸರಿನ ಭಯ ಉಂಟು. 2016ರ ನಿಯಮದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಆ ಹುಡುಗನಿಗೆ ಒಂದು ಜೊತೆ ಕೈಗವಸು ಕೊಟ್ಟವರು ಯಾರು?

ಇದು ಹೊಸ ಕಥೆಯಲ್ಲ. ಮುಂಬಯಿಯ ಗಿರಣಿಗಳಲ್ಲಿ ನೂಲನ್ನು ಬಾಯಿಂದ ಒದ್ದೆ ಮಾಡಬೇಕಿತ್ತು. ಅಸ್ಪೃಶ್ಯರ ಎಂಜಲು ಮೈಲಿಗೆ ಅಂತ ಹೆಚ್ಚು ಕೂಲಿಯ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಬಿಡಲಿಲ್ಲ. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು. ನಮ್ಮ ಮಂಗಳೂರೂ ಕಾರ್ಖಾನೆಗೆ ಹೊಸತಲ್ಲ. 1865ರಲ್ಲೇ ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆ ಇಲ್ಲಿ ಶುರುವಾಯಿತು. ಯಂತ್ರ ಬಂದರೆ ಜಾತಿ ಹೋಗುತ್ತೆ ಅಂತ ಆಗಿನಿಂದ ಹೇಳ್ತಾ ಬಂದಿದ್ದಾರೆ. ಜಾತಿ ಹೋಗಲಿಲ್ಲ. ಯೂನಿಫಾರ್ಮ್ ಹಾಕ್ಕೊಂಡು ಅದೂ ಒಳಗೆ ಬಂತು.

ಕೆಲವರು ಕೇಳ್ತಾರೆ: "ಓದಿದ ಮಕ್ಕಳನ್ನ ಮತ್ತೆ ಕೈಕೆಲಸಕ್ಕೆ ಕಳಿಸ್ತೀರಾ?" ಇಲ್ಲ ಸ್ವಾಮಿ. ಆಫೀಸಿನ ಕುರ್ಚಿಯೂ ಬೇಕು, ಪ್ರೆಸ್ಸಿನ ಗುಟ್ಟೂ ಬೇಕು. ಆ ಪೊರಕೆ ಅವನಿಗೆ ಸಿಕ್ಕಿದ್ದು ಜಾತಿಯಿಂದ. ಡೈ ಕೂರಿಸೋದು ವಿದ್ಯೆ, ಅದಕ್ಕೆ ಸಂಬಳ ಉಂಟು, ಮರ್ಯಾದೆ ಉಂಟು. ಎರಡರ ನಡುವೆ ಇರೋದು ಹತ್ತೇ ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಅವರು ನಮ್ಮನ್ನು ಸೋಸ್ತಾರೆ.

ಆದ್ದರಿಂದ ಇದನ್ನು ತಿಳಿದುಕೊಳ್ಳಿ. ಖಾಸಗಿ ಕಾರ್ಖಾನೆಯ ನೌಕರಿಗೆ ಮೀಸಲಾತಿ ಇಲ್ಲ. ಆದರೆ 1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ಆದ ತಿದ್ದುಪಡಿ, ತರಬೇತಿಯ ಜಾಗಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಪಾಲು ಇಡಬೇಕು ಅಂತ ಮಾಲೀಕನಿಗೇ ಹೇಳುತ್ತೆ. ಖಾಸಗಿಯವನೂ ಅದಕ್ಕೆ ಹೊರತಲ್ಲ. 2019ರಿಂದ 30 ಜನಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗಳು ಅಪ್ರೆಂಟಿಸರನ್ನು ತಗೊಳ್ಳಲೇಬೇಕು. ಅಪ್ರೆಂಟಿಸಿಗೆ ಬರಹದ ಕರಾರು ಉಂಟು. ತಕರಾರು ಬಂದರೆ ಅಪ್ರೆಂಟಿಸ್ ಸಲಹಾಧಿಕಾರಿಗೆ ದೂರು ಕೊಡಬಹುದು. ಫಿಟ್ಟರ್ ಅಂತ ಬರೆದು ಪೊರಕೆ ಕೊಟ್ಟರೆ ಅದು ಕರಾರಿನ ದ್ರೋಹ.

ನಮ್ಮ ಗೆಳೆಯನಿಗೆ ಇದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಬಿ.ಎ. ಪಾಸಾದ ನಾವು ಒಂದು ಅರ್ಜಿ ಬರೆದು ಕೊಡಲಿಲ್ಲ, ಪದ್ಯ ಬರೆದು ಕೊಟ್ಟೆವು. ಆ ತಪ್ಪು ನಮ್ಮದು.

ಈ ತಿಂಗಳಿಂದ ಪ್ರತಿ ಹಾಸ್ಟೆಲಿನಲ್ಲಿ ಐಟಿಐ ಗೆಳೆಯರ ಪಟ್ಟಿ ಮಾಡೋಣ. ಕದ್ರಿ ಗುಡ್ಡದ ಐಟಿಐ ಹುಡುಗರ ಜೊತೆ ಕೂತು ಅವರಿಂದ ಯಂತ್ರ ಕಲಿಯೋಣ, ಅವರಿಗೆ ಅರ್ಜಿ ಬರೆದು ಕೊಡೋಣ. ಬೈಕಂಪಾಡಿಯ ಗೇಟುಗಳಿಗೆ ಒಬ್ಬೊಬ್ಬರೇ ಹೋಗೋದು ಬೇಡ, ಹತ್ತು ಜನ ಹೋಗಿ ಒಂದೇ ಪ್ರಶ್ನೆ ಕೇಳೋಣ: ನಮ್ಮ ಪಾಲಿನ ತರಬೇತಿ ಜಾಗ ಎಷ್ಟು, ಅದರಲ್ಲಿ ಕೂತವರು ಯಾರು?

ಉತ್ತರ ಬರುವ ತನಕ ಗೇಟು ಬಿಟ್ಟು ಏಳೋದು ಬೇಡ.