ಕೊಡದೊಳಗಿನ ಸೊಳ್ಳೆ ಯಾರದು?

ರೋಗ ಬಂದಾಗಲೆಲ್ಲ ನಮ್ಮ ಕೇರಿಗೆ ಮೊದಲು ಬರುವುದು ಉಪದೇಶ. ‘ಸ್ವಚ್ಛ ಇರ್ರಿ, ನೀರು ತುಂಬಿಡಬ್ಯಾಡ್ರಿ’ ಅಂತಾರ. ತಿಂಥಣಿಯ ಪಕ್ಕದಲ್ಲೇ ಕೃಷ್ಣೆ ಹರಿಯುತ್ತಾಳೆ. ಮೌನೇಶ್ವರನ ಜಾತ್ರೆಗೆ ಬಂದವರು ಅವಳಲ್ಲಿ ಮುಳುಗಿ ಪುಣ್ಯ ಹೊತ್ತು ಹೋಗುತ್ತಾರೆ. ಈ ಸೀಮೆಯ ಕೇರಿಗಳ ಜನ ಮಾತ್ರ ಕೊಡ, ಹಂಡೆ, ಡ್ರಮ್ಮುಗಳಲ್ಲಿ ನೀರು ಕೂಡಿಡುತ್ತಾರೆ. ಯಾಕ ಕೂಡಿಡ್ತೀವಿ? ನಾಳೆ ನಲ್ಲಿ ಬರತದೋ ಇಲ್ಲೋ ಅನ್ನೋ ಭಯಕ್ಕ.

2006ರಲ್ಲಿ ಚಿಕೂನ್‌ಗುನ್ಯಾ ಈ ಸೀಮೆಗೆ ನುಗ್ಗಿತು. ಆಗಿನ್ನೂ ಯಾದಗಿರಿ ಜಿಲ್ಲೆ ಆಗಿರಲಿಲ್ಲ. ನಾವು ಗುಲಬರ್ಗಾ ಜಿಲ್ಲೆಯವರು. ರಾಜ್ಯದಲ್ಲಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಅದೂ ಒಂದು. ಚಿಕೂನ್‌ಗುನ್ಯಾ ಎಂಬುದು ಆಫ್ರಿಕಾದ ಮಕೊಂಡೆ ಜನರ ಮಾತು. ಮೈ ಬಗ್ಗಿಸುವುದು ಎಂದು ಅರ್ಥ. ಮೊದಲೇ ಬೆನ್ನು ಬಗ್ಗಿಸಿ ದುಡಿಯುವವರನ್ನು ಅದು ಇನ್ನಷ್ಟು ಬಗ್ಗಿಸಿತು. ಜ್ವರ ಇಳಿದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಕಾಡಿತು.

ಈ ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ಆಂಟಿಬಯಾಟಿಕ್ ಸೂಜಿ ಅದರ ಕೂದಲನ್ನೂ ಕೊಂಕಿಸಲಾರದು. ಅದಕ್ಕಾಗಿ ಸಾಲ ಮಾಡಬೇಡಿ. ಪ್ಯಾರಾಸಿಟಮಾಲ್, ಧಾರಾಳ ನೀರು, ವಿಶ್ರಾಂತಿ, ಇಷ್ಟೇ ಉಪಚಾರ. ಡೆಂಗ್ಯೂ ಅಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗುವ ತನಕ ಆಸ್ಪಿರಿನ್, ಬ್ರೂಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ಆದರೆ ವಿಶ್ರಾಂತಿ ತಗೋ ಅಂದವರೇ, ಕೂಲಿ ಬಿಟ್ಟು ಮಲಗಿದರ ನಮ್ಮ ಒಲಿ ಹೆಂಗ ಉರೀಬೇಕು?

ಸೊಳ್ಳೆಯ ಲೆಕ್ಕವೂ ನಮಗೆ ಗೊತ್ತು. ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ನೀರು ನಿಂತ ಪಾತ್ರೆಯ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ, ಒಳಗೆಲ್ಲ ತಿಕ್ಕಿ ತೊಳೆದು, ಬಾಯಿಗೆ ಬಟ್ಟೆ ಕಟ್ಟಿದರೆ ಅದರ ಸಂತತಿ ಮುರಿಯುತ್ತದೆ. ನಾವು ತಿಕ್ಕಲು ತಯಾರು. ಊರಿನ ಅಂಗಳ, ಕೊಟ್ಟಿಗೆ ಎಲ್ಲ ತಿಕ್ಕಿದ ಕೈಗಳಿವು. ಆದರೆ ಕೊಡ ಬರಿದು ಮಾಡಬೇಕಾದರೆ ಅದು ಮತ್ತೆ ತುಂಬುತ್ತದೆಂಬ ನಂಬಿಕೆ ಬೇಕು. ಆ ನಂಬಿಕೆಯನ್ನು ನಲ್ಲಿಯೇ ಕೊಡಬೇಕು.

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ಬೊಗಸೆ ನೀರು ಕುಡಿದು ಹಕ್ಕು ಸಾರಿದರು. ಆ ಹಕ್ಕು ನಮ್ಮ ಓಣಿಯ ನಲ್ಲಿಯ ತನಕ ಇನ್ನೂ ಬಂದು ಮುಟ್ಟಿಲ್ಲ. ಸೊಳ್ಳೆ ನಮ್ಮ ಕೊಡದಲ್ಲಿ ಹುಟ್ಟಿರಬಹುದು. ಅದನ್ನು ಸಾಕಿದವರು ನೀರು ತಡೆದವರು.

ದಿನಾ ನೀರು ಕೊಡ್ರಿ. ಜ್ವರದ ದಿನಗಳಿಗೆ ಕೂಲಿ ಕೊಡ್ರಿ. ನಮ್ಮ ಹಂಡೆಯೊಳಗೆ ಬಗ್ಗಿ ನೋಡುವ ಅಧಿಕಾರ ನಿಮಗೆ ಆಮೇಲೆ.